ಗೇಟಿನ ಒಳಗೆ: ಕೆಲವು ಚಿಂತನ ಕಣಗಳು

ಗೇಟು ಗೊತ್ತಿಲ್ಲದವರನ್ನು ತಡೆಯುತ್ತದೆ. ಗೊತ್ತಿದ್ದವರನ್ನು ಯಾರು ತಡೆಯಬೇಕು?

*

2024ರ ಆಗಸ್ಟ್‌ನಲ್ಲಿ ಮುಂಬೈ ಬಳಿಯ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟಾಣಿ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಬಂದಾಗ, ಆರೋಪಿ ಗೋಡೆ ಹಾರಿ ಬಂದವನಾಗಿರಲಿಲ್ಲ. ಅದೇ ತಿಂಗಳು ಗುತ್ತಿಗೆಯ ಮೇಲೆ ಸಫಾಯಿ ಕೆಲಸಕ್ಕೆ ಸೇರಿದ್ದವನು. ಗೇಟು ಅವನಿಗಾಗಿ ದಿನಾ ತೆರೆಯುತ್ತಿತ್ತು.

*

ಆ ಶಾಲೆಯಲ್ಲಿ ಸಿಸಿಟಿವಿ ಇತ್ತು, ಕೆಲಸ ಮಾಡುತ್ತಿರಲಿಲ್ಲ. ಕ್ಯಾಮೆರಾ ಇಲ್ಲವೆಂದು ಗೊತ್ತಿದ್ದರೆ ಯಾರಾದರೊಬ್ಬರು ಕಣ್ಣಿಟ್ಟಿರುತ್ತಾರೆ. ಇದೆ ಎಂದುಕೊಂಡರೆ ಎಲ್ಲರೂ ನಿಶ್ಚಿಂತರು.

*

ಆಗಸ್ಟ್ 20ರಂದು ಜನ ಬದ್ಲಾಪುರ ಸ್ಟೇಷನ್ನಿನಲ್ಲಿ ಹಳಿಗಿಳಿದರು. ತಾಸುಗಟ್ಟಲೆ ಲೋಕಲ್‌ಗಳು ನಿಂತವು. ಅದರ ಬೆನ್ನಿಗೇ ಮಹಾರಾಷ್ಟ್ರ ಸರ್ಕಾರದ ಆದೇಶ ಬಂತು: ತಿಂಗಳೊಳಗೆ ಎಲ್ಲ ಶಾಲೆಗಳಲ್ಲಿ ಸಿಸಿಟಿವಿ, ನೌಕರರ ಹಿನ್ನೆಲೆಯ ಪರಿಶೀಲನೆ, ದೂರು ಪೆಟ್ಟಿಗೆ, ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸಖಿ ಸಾವಿತ್ರಿ ಸಮಿತಿ. ಈ ಸಮಿತಿಯ ಆದೇಶ 2022ರಲ್ಲೇ ಹೊರಟಿತ್ತು. ಹಳೆಯ ಆದೇಶವನ್ನು ಎಬ್ಬಿಸಲು ರೈಲು ನಿಲ್ಲಿಸಬೇಕಾಯಿತು.

*

ಪೊಲೀಸ್ ವೆರಿಫಿಕೇಶನ್ ಬೇಕೇ ಬೇಕು. ಆದರೆ ಅದು ಹೇಳುವುದು ಇಷ್ಟೇ: ಈತ ಈವರೆಗೆ ಸಿಕ್ಕಿಬಿದ್ದಿಲ್ಲ.

*

ಕೊರಳಿನ ಐಡಿ ಕಾರ್ಡು ಹೆಸರು ಹೇಳುತ್ತದೆ. ಈ ಹೊತ್ತಿನಲ್ಲಿ, ಹೆಣ್ಣುಮಕ್ಕಳ ಶೌಚಾಲಯದ ಹತ್ತಿರ ನಿನಗೇನು ಕೆಲಸ ಎಂದು ಕೇಳಲು ಒಬ್ಬ ಮಾವ್ಶಿಯೇ, ಶಾಲೆಯ ಆಯಾಳೇ, ಬೇಕು. ಕ್ಯಾಮೆರಾಕ್ಕೆ ಹಣ ಹೊಂದಿಸಿದ ಶಾಲೆಗೆ ಅವಳ ಸಂಬಳ ಹೊರೆಯಾಗುವುದು ವಿಚಿತ್ರ.

*

ವಿಸಿಟರ್ ರಿಜಿಸ್ಟರನ್ನು ಒಮ್ಮೆ ತಿರುವಿ ಹಾಕಿ. ದಾರದಲ್ಲಿ ಕಟ್ಟಿದ ಪೆನ್ನು, ಓದಲಾಗದ ಸಹಿಗಳು. ಭೇಟಿಯ ಕಾರಣ: ‘ಪರ್ಸನಲ್’. ಅದರ ಕೆಳಗೆ ಪುಟದ ತುದಿಯವರೆಗೂ ಅದೇ, ಅದೇ. ಹೊರಗೆ ಹೋದ ಸಮಯದ ಕಾಲಂ ಖಾಲಿ. ರಿಜಿಸ್ಟರನ್ನು ನಂಬಿದರೆ, ಜೂನ್‌ನಿಂದ ಬಂದವರೆಲ್ಲ ಇನ್ನೂ ಶಾಲೆಯೊಳಗೇ ಇದ್ದಾರೆ.

*

ಟ್ರಸ್ಟಿಗಳ ಕಾರನ್ನೂ ನಿಲ್ಲಿಸಿ ಕೇಳುವ ಅಧಿಕಾರ ವಾಚ್‌ಮನ್‌ಗೆ ಇಲ್ಲದಿದ್ದರೆ, ಶಾಲೆ ಸಂಬಳ ಕೊಡುತ್ತಿರುವುದು ಸಲಾಮಿಗೆ.

*

ಡೊಂಬಿವಲಿ, ಕಲ್ಯಾಣದ ಅಪ್ಪ ಅಮ್ಮ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿ ಕಡೆಗೆ ಹೋದರೆ, ಮಗುವನ್ನು ಕರೆದೊಯ್ಯಲು ಅಜ್ಜ ಬರಬಹುದು, ಪಕ್ಕದ ಮನೆಯ ಆಂಟಿ ಬರಬಹುದು, ರಿಕ್ಷಾದವರು ಬರಬಹುದು. ‘ಇವರು ಗೊತ್ತಾ ನಿಂಗೆ?’ ಎಂದು ಮಗುವನ್ನು ಕೇಳಿ ಕಳಿಸಿಬಿಡುವ ಶಾಲೆ, ತನ್ನ ಹೊಣೆಯನ್ನು ಐದು ವರ್ಷದ ಮಗುವಿನ ಮೇಲೆ ಹಾಕಿದೆ.

*

ಗೇಟಿನಲ್ಲಿ ವಾಚ್‌ಮನ್ ನಿಮ್ಮನ್ನು ತಡೆದು ಕಾರ್ಡು ಕೇಳಿದರೆ ಸಿಟ್ಟಾಗಬೇಡಿ. ‘ನಾನ್ಯಾರು ಗೊತ್ತಿಲ್ವಾ?’ ಎಂದು ನೀವು ಗದರಿದ ಮೇಲೆ, ಆತ ಮುಂದೆ ಬರುವವನನ್ನೂ ಕೇಳುವುದಿಲ್ಲ.

*

ಒಳಗೆ ಬರಲು ಒಂದೇ ಬಾಗಿಲಿದ್ದರೆ ಒಳ್ಳೆಯದು. ಹೊರಗೆ ಓಡಲು ಒಂದು ಸಾಲದು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬೆಂಕಿಗೆ 94 ಮಕ್ಕಳು ಬಲಿಯಾದರು. ಕಳ್ಳರಿಗೆ ಹೆದರಿ ಹಿಂಬಾಗಿಲಿಗೆ ಬೀಗ ಹಾಕುವ ಮುನ್ನ ಕೇಳಿಕೊಳ್ಳಿ: ಹೊಗೆ ಎದ್ದ ದಿನ ಕೀಲಿ ಯಾರ ಕಿಸೆಯಲ್ಲಿರುತ್ತದೆ?

*

‘ಶಾಲೆಯ ಹೆಸರು ಕೆಡುತ್ತದೆ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೈಕೆಳಗಿನವರು ಎಸಗಿದ ದೌರ್ಜನ್ಯದ ವಿಷಯ ತಿಳಿದೂ ದೂರು ಕೊಡದ ಸಂಸ್ಥೆಯ ಮುಖ್ಯಸ್ಥರಿಗೆ 2012ರ ಪೋಕ್ಸೊ ಕಾಯ್ದೆ ಒಂದು ವರ್ಷದವರೆಗೆ ಸೆರೆವಾಸ ಇಟ್ಟಿದೆ. ಹೆಸರು ಕೆಡುವುದು ಘಟನೆಯಿಂದ ಒಂದು ಪಾಲು, ಮುಚ್ಚಿಟ್ಟದ್ದರಿಂದ ಮೂರು ಪಾಲು.

*

ಅಕ್ಷರವನ್ನೇ ಕಲಿಯದ ಮಗು ದೂರು ಪೆಟ್ಟಿಗೆಗೆ ಏನು ಹಾಕೀತು? ‘ನಾಳೆ ಸ್ಕೂಲಿಗೆ ಹೋಗಲ್ಲ’ ಎನ್ನುವುದೇ ಅದರ ಅರ್ಜಿ. ಹಟವೆಂದು ಗದರುವ ಮೊದಲು, ಯಾಕೆ ಎಂದು ಕೇಳಿ. ಉತ್ತರ ಬರುವವರೆಗೂ ಕೂತಿರಿ.