ಕಲೆ ಎಲ್ಲಿಗೆ ಹೋಗುತ್ತದೆ?

ನಾಟಕ ಮುಗಿದ ಮರುದಿನ ಬೆಳಿಗ್ಗೆ ಬಣ್ಣದ ಕೋಣೆಯನ್ನು ಕಂಡವರಿಗೆ ಮನುಷ್ಯನ ವೈಭವವೆಷ್ಟು ಅಲ್ಪಾಯುವೆಂಬುದು ತಾನಾಗಿಯೇ ತಿಳಿಯುತ್ತದೆ. ರಾತ್ರಿ ಸಿಂಹಾಸನವಾಗಿದ್ದುದು ಕಬ್ಬಿಣದ ಕುರ್ಚಿಯಾಗಿ ಮೂಲೆ ಸೇರಿರುತ್ತದೆ. ಕಿರೀಟದ ಬೇಗಡೆ ಸುಲಿದಿರುತ್ತದೆ. ಭೀಮನ ಗದೆಯು ಟೊಳ್ಳೆಂಬುದು ಮಕ್ಕಳಿಗೂ ಕಾಣುತ್ತದೆ. ನಟರು ಮುಖಕ್ಕೆ ಕೊಬ್ಬರಿ ಎಣ್ಣೆಯನ್ನು ಸವರಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ತಂತಮ್ಮ ಸ್ವಂತ ಮುಖಗಳೊಡನೆ ಮನೆಗೆ ಹೋಗಿಬಿಟ್ಟಿರುತ್ತಾರೆ. ಹಿಂದೆ ಉಳಿಯುವುದು ಬಟ್ಟೆಗೆ ಹತ್ತಿದ ಬಣ್ಣ. ಧರ್ಮರಾಯನ ಉತ್ತರೀಯದ ಅಂಚಿನಲ್ಲಿ ಕೆನ್ನೆಯ ಕೆಂಪು, ಶಕುನಿಯ ನಿಲುವಂಗಿಯ ತೋಳಿನಲ್ಲಿ ಮೀಸೆಯ ಕಪ್ಪು. ಧರ್ಮಾಧರ್ಮಗಳ ಭೇದವನ್ನರಿಯದೆ ಎಲ್ಲರಿಗೂ ಸಮನಾಗಿ ಹತ್ತುವ ವಸ್ತುವೊಂದು ರಂಗಭೂಮಿಯಲ್ಲಿದ್ದರೆ ಅದು ಈ ಬಣ್ಣವೇ ಸರಿ.

ನಮ್ಮ ಹೊಸೂರು, ದೇಂಕಣಿಕೋಟೆ, ಕೃಷ್ಣಗಿರಿಯ ಸೀಮೆಯಲ್ಲಿ ಮಹಾಭಾರತದ ವೇಷವನ್ನು ಕಟ್ಟದ ಭಾಷೆಯಿಲ್ಲ. ದ್ರೌಪದಿಯಮ್ಮನ ಗುಡಿಯ ಮುಂದೆ ತಮಿಳಿನ ತೆರುಕೂತ್ತು ರಾತ್ರಿಯಿಡೀ ನಡೆಯುತ್ತದೆ. ಕನ್ನಡ ತೆಲುಗುಗಳನ್ನಾಡುವ ಹಳ್ಳಿಗಳಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ರೈತರೇ ಅರ್ಜುನರೂ ಕರ್ಣರೂ ಆಗುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ನಾಟಕದಲ್ಲಿ ಬಟ್ಟೆಬರೆಗಳ ಹೊಣೆಯು ನಮ್ಮ ಪಾಲಿಗೆ ಬಂದಿತ್ತು. ದ್ರೌಪದಿಯ ಪಾತ್ರಕ್ಕೆಂದು ನೆರೆಮನೆಯ ಅಜ್ಜಿಯೊಬ್ಬರು ತಮ್ಮ ಕೆನೆಬಣ್ಣದ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟರು. "ಹಾಳಾದೀತು, ಅಜ್ಜಿ" ಎಂದೆವು. "ಉಡದೆ ಮಡಿಸಿಟ್ಟರೂ ಹಾಳಾಗುತ್ತದಪ್ಪಾ, ತೆಗೆದುಕೊಂಡು ಹೋಗು" ಎಂದರು. ಸೀರೆ ಸೆಳೆಯುವ ದೃಶ್ಯವು ಬಹು ಚೆನ್ನಾಗಿ ನಡೆಯಿತು. ದುಶ್ಶಾಸನನ ಬೆವರಿದ ಕೈಯ ಕೆಂಬಣ್ಣವೂ, ದ್ರೌಪದಿಯ ಕೊರಳಿನ ಅರಿಸಿನವೂ, ಕಣ್ಣೀರಿಗೆ ಕರಗಿದ ಕಾಡಿಗೆಯೂ ಸೆರಗಿನ ಮೇಲೆ ಒಂದಾಗಿ ನಿಂತವು.

ಬೆಳಿಗ್ಗೆ ಅದನ್ನು ಕಂಡು ನಾವು ಗಾಬರಿಗೊಂಡೆವು. ಗಾಬರಿಗೊಂಡವನು ಮೊದಲು ಮಾಡುವ ಕೆಲಸ ಕುದಿಯುವ ನೀರನ್ನು ಹುಡುಕುವುದು. ಬಿಸಿನೀರನ್ನು ಸುರಿದು, ಬಟ್ಟೆ ಸಾಬೂನನ್ನು ಹಚ್ಚಿ, ಬಲವಿದ್ದಷ್ಟೂ ಉಜ್ಜಿದೆವು. ಕೆಂಪು ಹೋಗಲಿಲ್ಲ, ಹರಡಿತು. ಹಳದಿಯಾಗಿದ್ದ ಅರಿಸಿನವು ನಮ್ಮ ಕಣ್ಣೆದುರಿಗೇ ರಕ್ತದಂತೆ ಕೆಂಪಾಯಿತು. ಉಜ್ಜಿದೆಡೆಯಲ್ಲಿ ರೇಷ್ಮೆಯ ಹೊಳಪು ಸತ್ತಿತು. ಅನಂತರ ಸೀರೆಯನ್ನು ಹಿಂಡಿ, ಒಣಗಿಸಿ, ಏನೂ ಆಗದವರಂತೆ ಇತರ ಬಟ್ಟೆಗಳೊಡನೆ ಗಂಟು ಕಟ್ಟಿ ಮಡಿವಾಳನ ಕೈಗೆ ಕೊಟ್ಟೆವು. ಮೂರನೆಯ ದಿನ ಆತನು ಮಿಕ್ಕ ಬಟ್ಟೆಗಳನ್ನೆಲ್ಲ ಹೂವಿನಂತೆ ಮಾಡಿ ತಂದನು. ಸೀರೆಯನ್ನು ಮಾತ್ರ ಬೇರೆಯಾಗಿಟ್ಟು, "ಸ್ವಾಮಿ, ಇದು ನನ್ನ ಕೈಗೆ ಬರುವ ಮೊದಲೇ ಬಿಸಿನೀರು ಕಂಡಿದೆ" ಎಂದನು. ನಾಟಕದ ಹಿರಿಯರು ನಂಬಲಿಲ್ಲ. ಬೆಲೆಬಾಳುವ ಸೀರೆಯನ್ನು ಕೆಡಿಸಿದನೆಂದು ಆತನ ಕೂಲಿಯಲ್ಲಿ ಅರ್ಧವನ್ನು ಹಿಡಿದರು. ನಾವು ಅಲ್ಲಿಯೇ ಇದ್ದೆವು. ಸುಮ್ಮನೆ ಇದ್ದೆವು.

ಅಂದಿನಿಂದ ಒಂದು ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ. ಕಲೆಯನ್ನು ತೆಗೆದೆವು ಎನ್ನುತ್ತೇವಲ್ಲ, ತೆಗೆದ ಕಲೆಯು ಎಲ್ಲಿಗೆ ಹೋಗುತ್ತದೆ?

ಮೊದಲು ಕಲೆಯೆಂದರೇನೆಂಬುದನ್ನು ನೋಡೋಣ. ಹಣೆಯ ಮೇಲಿನ ಕುಂಕುಮವು ಸೌಭಾಗ್ಯ. ಅದೇ ಕುಂಕುಮವು ಭುಜದ ಮೇಲೆ ಬಿದ್ದರೆ ಕಲೆ. ಮಡಿವಾಳರು ಬಟ್ಟೆಯ ಮೂಲೆಯಲ್ಲಿ ಕರಿಗೇರಿನ ಕಾಯಿಯ ರಸದಿಂದ ಇಡುತ್ತಿದ್ದ ಚುಕ್ಕೆಯು ಯಾವ ಒಗೆತಕ್ಕೂ ಹೋಗದು. ಆದರೂ ಅದನ್ನು ಕಲೆಯೆನ್ನದೆ ಗುರುತು ಎಂದೆವು. ಹೀಗೆ ಕಲೆಯೆಂಬುದು ವಸ್ತುವಿನ ಗುಣವಾಗಿರದೆ, ವಸ್ತುವು ಇರುವ ಸ್ಥಳವನ್ನು ಕುರಿತು ನಾವು ಕೊಡುವ ತೀರ್ಪಾಗಿದೆ. ತೀರ್ಪನ್ನು ಕೊಟ್ಟ ಮೇಲೆ ಆ ವಸ್ತುವನ್ನು ಬೇರೊಂದು ಸ್ಥಳಕ್ಕೆ ಕಳುಹಿಸಬೇಕಾಗುತ್ತದೆ. ಸಾಬೂನು ಮಾಡುವ ಕೆಲಸವೂ ಇಷ್ಟೇ. ಅದರ ಅಣುವಿನ ಒಂದು ತುದಿಗೆ ಎಣ್ಣೆಯ ಮೇಲೆ ಪ್ರೀತಿ, ಇನ್ನೊಂದು ತುದಿಗೆ ನೀರಿನ ಮೇಲೆ. ಅಂತಹ ಅಸಂಖ್ಯ ಅಣುಗಳು ಎಣ್ಣೆಯ ಹನಿಯನ್ನು ಸುತ್ತುಗಟ್ಟಿ, ನೂಲಿನ ಎಳೆಯಿಂದ ಬಿಡಿಸಿ, ನೀರಿನ ಕೈಗೆ ಒಪ್ಪಿಸುತ್ತವೆ. ಎಣ್ಣೆಯು ಸಾಯಲಿಲ್ಲ, ಬಣ್ಣವೂ ಸಾಯಲಿಲ್ಲ. ಸೀರೆಯಲ್ಲಿದ್ದುದು ಬಾನಿಗೆ ಬಂದಿತು. ಬಾನಿಯಿಂದ ಮುಂದೆ ಅದು ಯಾರ ಪಾಲಾಯಿತೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕೇಳುವ ಪದ್ಧತಿಯಿಲ್ಲದಿದ್ದರೂ ಹೊರುವವನಿಗೆ ಹೆಸರುಗಳಿಗೇನೂ ಕೊರತೆಯಿಲ್ಲ. ಕನ್ನಡದಲ್ಲಿ ಅಗಸ, ಮಡಿವಾಳ, ತೆಲುಗಿನಲ್ಲಿ ಚಾಕಲಿ, ತಮಿಳಿನಲ್ಲಿ ವಣ್ಣಾನ್. ಮೂರು ಭಾಷೆಯ ಊರುಗಳೂ ತಮ್ಮ ಕಲೆಗಳನ್ನು ಗಂಟು ಕಟ್ಟಿ ಒಂದೇ ಬೆನ್ನಿನ ಮೇಲೆ ಹೇರಿದುವು. ಆತನು ಸವಳುಮಣ್ಣನ್ನು ಹಾಕಿ, ಉಬ್ಬೆಯಲ್ಲಿ ಬೇಯಿಸಿ, ಬಂಡೆಗೆ ಬಡಿದು ನಮ್ಮನ್ನು ಶುಭ್ರರನ್ನಾಗಿ ಮಾಡಿದನು. ಸವಳು ಆತನ ಅಂಗೈಯ ಚರ್ಮವನ್ನು ತಿಂದಿತು. ನಮ್ಮ ಮೈಲಿಗೆಯನ್ನು ಮುಟ್ಟಿದನೆಂಬ ಕಾರಣದಿಂದಲೇ ಆತನನ್ನು ನಮಗಿಂತ ಕೆಳಗೆ ಕೂರಿಸಿದೆವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಲೆಕ್ಕವನ್ನು ತಿರುಗಿಸಲು ಯತ್ನಿಸಿದರು. ಅವರ ಬಟ್ಟೆಗಳನ್ನು ಮಡಿ ಮಾಡುತ್ತಿದ್ದ ಮಡಿವಾಳ ಮಾಚಿದೇವರು ಅವರ ನಡುವೆ ಪೂಜ್ಯರಾಗಿದ್ದರು. ಆದರೆ ಲೋಕವು ಬೇರೊಂದು ಕಥೆಯನ್ನು ಹೆಚ್ಚಾಗಿ ನೆನಪಿಟ್ಟುಕೊಂಡಿತು. ಸೀತೆಯನ್ನು ಕಾಡಿಗಟ್ಟಿದುದು ಅಗಸನ ಮಾತಿನಿಂದ ಎಂದು ನಮ್ಮ ಹಳ್ಳಿಯ ಮಕ್ಕಳೂ ಹೇಳುತ್ತಾರೆ. ವಾಲ್ಮೀಕಿಯ ಹೆಸರಿನಲ್ಲಿರುವ ಉತ್ತರಕಾಂಡವನ್ನು ತೆರೆದು ನೋಡಿದರೆ ಅಲ್ಲಿ ಅಗಸನೇ ಇಲ್ಲ. ಪುರಜನರು ಬೀದಿ ಬೀದಿಗಳಲ್ಲಿ ಆಡಿಕೊಳ್ಳುತ್ತಿದ್ದಾರೆಂದು ಭದ್ರನೆಂಬವನು ರಾಮನಿಗೆ ವರದಿ ಒಪ್ಪಿಸುತ್ತಾನೆ. ಊರೇ ಆಡಿದ ಮಾತನ್ನು ಮುಂದಿನ ಕಥೆಗಾರರು ಒಬ್ಬ ಅಗಸನ ಬಾಯಿಗೆ ಇಟ್ಟರು. ಬಟ್ಟೆಯ ಕಲೆಯನ್ನು ಹೊರುವವನು ಮಾತಿನ ಕಲೆಯನ್ನೂ ಹೊರಲಿ ಎಂದು ಲೋಕಕ್ಕೆ ತೋರಿದ್ದರಲ್ಲಿ ಆಶ್ಚರ್ಯವೇನು? ನಾವೂ ನಮ್ಮ ಪುಟ್ಟ ನಾಟಕದಲ್ಲಿ ಅದನ್ನೇ ಮಾಡಿದೆವು.

ಇಂದು ಮನೆಮನೆಗೂ ಒಗೆಯುವ ಯಂತ್ರ ಬಂದಿದೆ. ನಮ್ಮ ಕಲೆಯನ್ನು ಯಾರೂ ಹೊರುತ್ತಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಹಾಗೆಂದುಕೊಳ್ಳುವವರು ಒಮ್ಮೆ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗಿಬರಬೇಕು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಹರಿದು, ಬೆಳ್ಳಂದೂರು ವರ್ತೂರು ಕೆರೆಗಳಿಂದ ಹೊರಬೀಳುವ ನೀರನ್ನೂ ಕೂಡಿಸಿಕೊಂಡು, ಗಡಿಯನ್ನು ದಾಟಿ ನಮ್ಮಲ್ಲಿಗೆ ಬರುತ್ತದೆ. ತಮಿಳರು ತೆನ್‌ಪೆಣ್ಣೈ ಎಂದು ಕರೆಯುವುದು ಇದನ್ನೇ. ಈಚಿನ ವರ್ಷಗಳಲ್ಲಿ ಅಣೆಕಟ್ಟಿನಿಂದ ನೀರನ್ನು ಬಿಟ್ಟಾಗ ಹಲವು ಬಾರಿ ಆಳೆತ್ತರದ ಬಿಳಿಯ ನೊರೆಯು ಎದ್ದು ನಿಂತಿದೆ. ದೂರದಿಂದ ನೋಡಿದರೆ ಹಿಂಜಿದ ಅರಳೆಯಂತೆ ಸುಂದರ; ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಅದರಲ್ಲಿ ನಗರದ ಚರಂಡಿಯಿದೆ, ಕಾರ್ಖಾನೆಗಳ ಕಶ್ಮಲವಿದೆ. ಲಕ್ಷಾಂತರ ಮನೆಗಳ ಶುಭ್ರವಾದ ಬಟ್ಟೆಗಳಿಂದ ಬಿಡಿಸಿದ ಕಲೆಗಳೂ, ಬಿಡಿಸಿದ ಸಾಬೂನೂ ಇವೆ. ಕೆಳಗಿನ ರೈತನು ಇದೇ ನೀರನ್ನು ಬೆಳೆಗೆ ಹಾಯಿಸುತ್ತಾನೆ. ನಾವು ಬೆಂಗಳೂರನ್ನು ದೂರುತ್ತೇವೆ. ಆದರೆ ನದಿಯು ಇಲ್ಲಿಗೇ ನಿಲ್ಲದೆ ಕೃಷ್ಣಗಿರಿಯ ಅಣೆಕಟ್ಟಿನತ್ತ ಹೋಗುತ್ತದೆ. ಅಲ್ಲಿಯವರು ದೂರುವಾಗ ಹೊಸೂರಿನ ಹೆಸರನ್ನು ಬಿಡುತ್ತಾರೆಯೇ?

ಹಾಗಾದರೆ ಕಲೆಯನ್ನು ತೆಗೆಯಲೇ ಬಾರದೆ, ಕೊಳಕಾಗಿಯೇ ಬಾಳಬೇಕೆ ಎಂದು ವಾಚಕರು ಕೇಳಬಹುದು. ನಮ್ಮ ಅಭಿಪ್ರಾಯವು ಅದಲ್ಲ. ಎರವಲು ತಂದ ಸೀರೆಯನ್ನು ಕಲೆಯೊಡನೆ ಹಿಂದಿರುಗಿಸುವುದು ತ್ಯಾಗವೂ ಅಲ್ಲ, ತತ್ತ್ವವೂ ಅಲ್ಲ, ಬರಿಯ ಸೋಮಾರಿತನ. ಆದರೆ ಕಲೆಗಳೆಲ್ಲ ಒಂದೇ ಜಾತಿಯವಲ್ಲ. ಆ ಸೆರಗಿನ ಮೇಲಿದ್ದ ಮೂರು ಕಲೆಗಳು ಅನಂತರ ನಮಗೆ ಮೂರು ಪಾಠಗಳಾದುವು.

ಮೊದಲನೆಯದು ಕೆಂಬಣ್ಣ. ಹಿಂದೆ ಬಯಲಾಟದವರು ಅರ್ದಳ, ಇಂಗಳೀಕ, ಸಫೇದಗಳನ್ನು ಎಣ್ಣೆಯಲ್ಲಿ ಕಲಸಿ ಬಳಿದುಕೊಳ್ಳುತ್ತಿದ್ದರು; ಅರ್ದಳದಲ್ಲಿ ಪಾಷಾಣವೂ ಇಂಗಳೀಕದಲ್ಲಿ ಪಾದರಸವೂ ಇರುವುದರಿಂದ ಅವು ಚರ್ಮಕ್ಕೆ ಕೇಡು. 1873ರಲ್ಲಿ ಬರ್ಲಿನ್ನಿನ ಸಂಗೀತನಾಟಕದ ಗಾಯಕ ಲುಡ್ವಿಗ್ ಲೈಖ್ನರ್ ಎಂಬವನು ಸಿದ್ಧಬಣ್ಣದ ಕಡ್ಡಿಗಳ ವ್ಯಾಪಾರವನ್ನು ಆರಂಭಿಸಿದನು. ಅಂದಿನ ಬಣ್ಣವಾಗಲಿ, ಇಂದಿನ ತುಟಿಯ ರಂಗಾಗಲಿ, ಬಣ್ಣವನ್ನು ಹಿಡಿದಿಡುವುದು ಎಣ್ಣೆ ಅಥವಾ ಮೇಣ. ಬಿಸಿನೀರು ಮೇಣವನ್ನು ಕರಗಿಸಿ ಬಣ್ಣವನ್ನು ಎಳೆಯ ಒಳಗಿಳಿಸುತ್ತದೆ. ಆದುದರಿಂದ ಮೊದಲು ಮೇಲಿನ ಪದರವನ್ನು ಮೊಂಡು ಚಾಕುವಿನಿಂದ ಮೆಲ್ಲನೆ ಎತ್ತಬೇಕು. ಕಲೆಯ ಕೆಳಗೆ ಬಿಳಿಯ ಬಟ್ಟೆಯನ್ನಿಟ್ಟು, ಹಿಂಬದಿಯಿಂದ ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯನ್ನು ಹೊರ ಅಂಚಿನಿಂದ ಒಳಮುಖವಾಗಿ ಒತ್ತಬೇಕು, ಉಜ್ಜಬಾರದು. ಸೀರೆಯ ಸ್ವಂತ ಬಣ್ಣವು ಬಿಡುವುದೋ ಇಲ್ಲವೋ ಎಂದು ಮೊದಲೇ ಒಳಮಡಿಕೆಯಲ್ಲಿ ಪರೀಕ್ಷಿಸಬೇಕು. ಕೊನೆಗೆ ತಣ್ಣೀರು, ಅಂಟುವಾಳದ ಕಾಯಿಯ ಮೆಲುವಾದ ನೊರೆ. ಇಲ್ಲಿ ಗಮನಿಸತಕ್ಕುದೆಂದರೆ, ಈ ಕಲೆಯು ಹೋಗಬೇಕಾದರೆ ಕೆಳಗಿನ ಬಿಳಿಯ ಬಟ್ಟೆಯು ಕೆಂಪಾಗಲೇಬೇಕು. ಒಂದು ಬಟ್ಟೆಯು ತೆಗೆದುಕೊಳ್ಳದೆ ಇನ್ನೊಂದು ಬಿಡುಗಡೆಯಾಗದು. ಅಡಿಯಲ್ಲಿರುವ ಬಟ್ಟೆ ಯಾರದೆಂಬುದೇ ನೀತಿಯ ಪ್ರಶ್ನೆ.

ಎರಡನೆಯದು ಅರಿಸಿನ. ಇದಕ್ಕೆ ಸಾಬೂನಿನ ಕ್ಷಾರವು ತಗುಲಿದರೆ ಕೆಂಪಾಗಿ ನಮ್ಮನ್ನು ಹೆದರಿಸುತ್ತದೆ. ನೀರಿನಲ್ಲಿ ಕ್ಷಾರವು ತೊಳೆದುಹೋದರೆ, ಅಥವಾ ಹುಳಿ ತಗುಲಿದರೆ, ಮತ್ತೆ ಹಳದಿಯಾಗುತ್ತದೆ. ಆದರೆ ಬಿಸಿಲಿಗೆ ಹರಡಿದರೆ ಅದು ತಾನಾಗಿಯೇ ಮಾಸುತ್ತದೆ. ಬೆಳಕು ಅದರ ಬಣ್ಣದ ಅಣುವನ್ನೇ ಮುರಿಯುತ್ತದೆ. ಇದೊಂದು ಕಲೆಯು ಬೇರೆಯವರ ಬಟ್ಟೆಗೆ ಸಾಗುವುದಿಲ್ಲ; ಇದ್ದಲ್ಲಿಯೇ ಇಲ್ಲವಾಗುತ್ತದೆ. ಪೆಟ್ಟಿಗೆಯಲ್ಲಿ ಬಚ್ಚಿಟ್ಟರೆ ಮಾತ್ರ ಬಹುಕಾಲ ಹಾಗೆಯೇ ಉಳಿಯುತ್ತದೆ.

ಮೂರನೆಯದು ಕಾಡಿಗೆ. ಅದು ಶುದ್ಧ ಮಸಿ, ಇಂಗಾಲ. ಬಿಸಿಲಾಗಲಿ ಹುಳಿಯಾಗಲಿ ಅದನ್ನು ಬದಲಿಸಲಾರದು. ಎಣ್ಣೆಯೊಡನೆ ಬಂದುದರಲ್ಲಿ ಬಹುಭಾಗವನ್ನು ತಾಳ್ಮೆಯಿಂದ ಎತ್ತಿ ತೆಗೆಯಬಹುದು. ಎಳೆಗಳ ಸಂದಿನಲ್ಲಿ ಕುಳಿತುದು ಬೂದುಬಣ್ಣದ ನೆರಳಾಗಿ ಉಳಿಯುವುದುಂಟು. ಅದನ್ನೂ ತೆಗೆದೇ ತೀರುತ್ತೇನೆಂದು ಹಟ ಹಿಡಿದರೆ ಬಟ್ಟೆಯೇ ಹರಿಯುತ್ತದೆ.

ಮಡಿವಾಳನ ಕೂಲಿಯನ್ನು ಹಿಡಿದ ಹತ್ತನೆಯ ದಿನ ನಾವು ಅಜ್ಜಿಯ ಮನೆಗೆ ಹೋದೆವು. ಮಡಿವಾಳನು ಕೆಡಿಸಿದನೆಂಬ ಸುದ್ದಿಯು ಅವರಿಗೆ ಆಗಲೇ ಮುಟ್ಟಿತ್ತು. ಅದನ್ನೇ ಹಿಡಿದು ಮಾತು ಮುಗಿಸಿಬಿಡುವ ಆಸೆಯು ಬಾಗಿಲವರೆಗೂ ನಮ್ಮೊಡನೆ ಬಂದಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಸೀರೆಯನ್ನು ಮುಂದಿಟ್ಟು, "ಕೆಡಿಸಿದವರು ನಾವು, ಅಜ್ಜಿ, ಅವನಲ್ಲ" ಎಂದೆವು. ಅಜ್ಜಿ ಬಹಳ ಹೊತ್ತು ಸೆರಗನ್ನು ನೋಡಿದರು. "ಅವನಿಗೆ ಹೇಳಿದೆಯೇನಪ್ಪಾ?" ಎಂದು ಕೇಳಿದರು. ಹೇಳಿರಲಿಲ್ಲ. "ಮೊದಲು ಅಲ್ಲಿಗೆ ಹೋಗು. ಸೀರೆ ಇಲ್ಲಿರಲಿ, ಎಳೆಬಿಸಿಲಿಗೆ ಹರವುತ್ತೇನೆ" ಎಂದರು.

ಹಿರಿಯರ ಸಭೆಯಲ್ಲಿ ಎಲ್ಲರೆದುರಿಗೆ ಹೇಳಿ, ಹಿಡಿದಿದ್ದ ಅರ್ಧ ಕೂಲಿಯನ್ನು ನಮ್ಮ ಕೈಯಿಂದ ಸೇರಿಸಿ, ಮಡಿವಾಳನ ಮನೆಗೆ ಮುಟ್ಟಿಸಿ ಬಂದೆವು. ಆತನು ಹಣವನ್ನು ತೆಗೆದುಕೊಂಡನು. ಕ್ಷಮಿಸಿದೆನೆಂದು ಹೇಳಲಿಲ್ಲ, ಹೇಳಬೇಕೆಂದು ನಿರೀಕ್ಷಿಸುವ ಹಕ್ಕೂ ನಮಗಿರಲಿಲ್ಲ. ಹತ್ತು ದಿನಗಳ ಕಾಲ ಊರು ಆತನನ್ನು ಕುರಿತು ಆಡಿದ ಮಾತುಗಳನ್ನು ಹಿಂದಕ್ಕೆ ತರುವ ಯಾವ ಸ್ಪಿರಿಟ್ಟೂ ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ಅರಿಸಿನವು ಕೆಲವು ದಿನಗಳ ಎಳೆಬಿಸಿಲಿಗೆ ಮಾಸಿತು. ಕೆಂಬಣ್ಣವು ನಮ್ಮದೇ ಎರಡು ಪಂಚೆಗಳನ್ನು ಅಡಿಗೆ ಹಾಕಿದ ಮೇಲೆ ಮುಕ್ಕಾಲು ಪಾಲು ಬಿಟ್ಟಿತು. ಕಾಡಿಗೆಯ ನೆರಳು ಸೆರಗಿನಲ್ಲಿ ಇಂದಿಗೂ ಇದೆ. ಕಳೆದ ಹಬ್ಬದ ದಿನ ಅಜ್ಜಿ ಆ ಸೀರೆಯನ್ನೇ ಉಟ್ಟಿದ್ದರು. ನೆರಳಿರುವ ಭಾಗವನ್ನು ಒಳಕ್ಕೆ ಮಡಿಸಿಕೊಂಡಿರಲಿಲ್ಲ.