ಸ್ವಂತ ಬಲ ಅಂದ್ರೆ ಯಾರ ಬಲ?

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2; ಆಮ್ಲಜನಕದ ಖರ್ಚಿನಲ್ಲಿ ಶೇ. 20. ಅಷ್ಟು ಉರಿದ ಮೇಲೆ ಹೊಗೆ ಏಳಲೇಬೇಕಲ್ಲ? ಆ ಹೊಗೆಯಂಥ ಆಕ್ಸಿಡೆಂಟ್‌ಗಳಿಂದ ನ್ಯೂರಾನನ್ನು ಕಾಯೋದು ಗ್ಲುಟಾಥಯೋನ್. ಅದನ್ನು ತಯಾರಿಸೋಕೆ ಬೇಕಾದ ಕಚ್ಚಾಮಾಲನ್ನು ಹೆಚ್ಚಾಗಿ ಒದಗಿಸೋದು ಪಕ್ಕದ ಆಸ್ಟ್ರೋಸೈಟ್ ಕೋಶ. ಇಂಥ ಕೋಶಗಳ ಬಳಗಕ್ಕೆ 1856ರಲ್ಲಿ ರುಡಾಲ್ಫ್ ವಿರ್ಶೋ ಇಟ್ಟ ಹೆಸರು ನ್ಯೂರೋಗ್ಲಿಯಾ, ಅಂದ್ರೆ ನರದ ಅಂಟು.

ನಮ್ಮಲ್ಲೂ ಹಾಗೇ. ಕೋಡ್ ಬರೆದವನು ಟ್ಯಾಲೆಂಟ್, ರಾತ್ರಿಯಿಡೀ ಸರ್ವರ್ ಕಾದವನು ಬರೀ ಸಪೋರ್ಟ್. ಊರಲ್ಲಿ ನನ್ನನ್ನು ಸ್ವಂತ ಬಲದಿಂದ ಮೇಲೆ ಬಂದವನು ಅಂತಾರೆ; ನಾನು ಬಿಇ ಓದುವಾಗ ಕೊಟ್ಟಿಗೆ, ಗದ್ದೆ ನೋಡಿಕೊಂಡ ಅಕ್ಕನ ಹೆಸರು ಯಾರ ಬಾಯಲ್ಲೂ ಬರಲ್ಲ. ಥ್ಯಾಂಕ್ಸ್ ಹೇಳಿದ್ರೆ ಈ ಋಣ ತೀರುತ್ತಾ? ನನ್ನ ಪ್ರಕಾರ ಇಲ್ಲ. ಬೋನಸ್ಸಿನಲ್ಲಿ ಸಪೋರ್ಟ್ ಟೀಮಿಗೂ, ಗದ್ದೆಯಲ್ಲಿ ಅಕ್ಕನಿಗೂ ಪಾಲು ಬರೆದಾಗಲೇ ಅದು ತೀರೋಕೆ ಶುರು.