ಮಂದ್ರ ಸ್ವರದ ಹೊಣೆ

ಸಂಬಳ ಪಡೆದು ಮಾಡುವ ಕೆಲಸದಲ್ಲಿ ಕರ್ತವ್ಯವೆಂಬುದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ತಿಂಗಳ ಕೊನೆಗೆ ಹಣ ಕೊಡುವವನಿದ್ದಾನೆ. ಲೆಕ್ಕ ಕೇಳುವ ಹಕ್ಕು ಅವನಿಗುಂಟು. ಸಂಸಾರದ ಕರ್ತವ್ಯಗಳೂ ಹಾಗೆಯೇ. ಹೆತ್ತವರ, ಮಕ್ಕಳ ಋಣ ನಮ್ಮನ್ನು ಕಟ್ಟಿಹಾಕಿರುತ್ತದೆ. ಆದರೆ ಯಾರೂ ಹೇಳದೆ, ಯಾರೂ ಕಾಸು ಕೊಡದೆ, ಕೇವಲ ಇಷ್ಟಪಟ್ಟು ಕೈಗೆತ್ತಿಕೊಂಡ ಕೆಲಸದಲ್ಲಿ ಕರ್ತವ್ಯದ ಮಾತಿಗೆ ಎಡೆಯುಂಟೆ? ಇವತ್ತು ಮನಸ್ಸಿಲ್ಲ, ಬರುವುದಿಲ್ಲ ಎಂದು ಹೇಳುವ ಸ್ವಾತಂತ್ರ್ಯವೇ ಹವ್ಯಾಸದ ಸುಖವಲ್ಲವೆ? ಅದರಲ್ಲೂ ಆ ಕೆಲಸ ಇದ್ದರೂ ಇಲ್ಲದಿದ್ದರೂ ಯಾರಿಗೂ ಗೊತ್ತಾಗದಂಥದಾದರೆ? ಪ್ರಶ್ನೆ ದೊಡ್ಡದು. ಅದನ್ನು ಒರೆಗೆ ಹಚ್ಚಲು ನಾವು ಆರಿಸಿಕೊಂಡಿರುವ ಉದಾಹರಣೆ ಮಾತ್ರ ಚಿಕ್ಕದು: ಹವ್ಯಾಸಿ ವಾದ್ಯಗೋಷ್ಠಿಗಳಲ್ಲಿ ಬೇಸ್ ಗಿಟಾರ್ ನುಡಿಸುವವನ ಪಾಡು.

ನಾವು ಎಂದರೆ, ವಾರವೆಲ್ಲ ಬ್ಯಾಂಕು, ಕಾರಖಾನೆ, ಕಂಪೆನಿಗಳಲ್ಲಿ ದುಡಿದು, ಶನಿವಾರ ಸಂಜೆ ಮುಂಬಯಿಯ ಯಾವುದಾದರೊಂದು ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ಕಲೆತು ಅಭ್ಯಾಸ ನಡೆಸುವ ಮಂದಿ. ಗಣೇಶೋತ್ಸವ, ರಾಜ್ಯೋತ್ಸವ, ಸಂಘದ ವಾರ್ಷಿಕೋತ್ಸವ ಇವೇ ನಮ್ಮ ವೇದಿಕೆಗಳು. ಹಾಡುವವರು ಇಬ್ಬರೋ ಮೂವರೋ, ಕೀಬೋರ್ಡು, ತಬಲ, ಡ್ರಮ್ಮು, ಗಿಟಾರು. ಇವರೆಲ್ಲರ ಹಿಂದೆ, ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲಿ ಅರ್ಧ ಕತ್ತಲೆಯಲ್ಲಿ ನಿಂತಿರುವವನೇ ಬೇಸಿನವನು.

ಈ ವಾದ್ಯದ ಪರಿಚಯವಿಲ್ಲದವರಿಗೆ ಎರಡು ಮಾತು. ನೋಡಲು ಗಿಟಾರಿನಂತೆಯೇ ಇದ್ದರೂ ಅದಕ್ಕಿಂತ ಉದ್ದ, ಭಾರ. ಸಾಮಾನ್ಯವಾಗಿ ನಾಲ್ಕೇ ತಂತಿ. ಗಿಟಾರಿನ ದಪ್ಪ ತಂತಿಗಳು ನಾಲ್ಕಕ್ಕಿಂತ ಒಂದು ಸ್ಥಾಯಿ ಕೆಳಗೆ ಇವುಗಳ ಶ್ರುತಿ. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬಾತ ಅದನ್ನು ಹೆಗಲಿಗೆ ತೂಗುಹಾಕಿಕೊಳ್ಳುವಂಥ ವಿದ್ಯುತ್ ವಾದ್ಯವಾಗಿ ಮಾರುಕಟ್ಟೆಗೆ ತಂದ ಮೇಲೆ ಅದು ಎಲ್ಲೆಡೆ ಹಬ್ಬಿತು. ಸ್ವತಃ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ನಮ್ಮ ಸಂಗೀತದಲ್ಲಿ ಇದಕ್ಕೆ ಸರಿಸಾಟಿಯಾದ ವಾದ್ಯವಿಲ್ಲ. ತಂಬೂರಿಯಂತೆ ಇದೂ ಆಧಾರವೇ, ಆದರೆ ತಂಬೂರಿ ನಿಂತಲ್ಲೇ ನಿಲ್ಲುವ ಆಧಾರ, ಇದು ಹಾಡಿನ ಜೊತೆಗೆ ನಡೆಯುವ ಆಧಾರ.

ಬೇಸ್ ನುಡಿಸಬೇಕೆಂದು ಹುಟ್ಟಿನಿಂದಲೇ ಕನಸು ಕಂಡವರು ಕಡಿಮೆ. ಗೋಷ್ಠಿಗೆ ಮೂವರು ಗಿಟಾರಿನವರು ಸೇರಿಕೊಂಡರೆ ಅವರಲ್ಲಿ ಹೆಚ್ಚು ಮೆದುವಾದವನಿಗೆ ಈ ಪಟ್ಟ ದೊರೆಯುತ್ತದೆ. ಲೋಕಪ್ರಸಿದ್ಧರಾದ ಬೀಟಲ್ಸರಲ್ಲೂ ಹೀಗೆಯೇ ಆಯಿತು. 1961ರಲ್ಲಿ ಅವರ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯ ಬೆನ್ನು ಹತ್ತಿ ಹ್ಯಾಂಬರ್ಗಿನಲ್ಲೇ ಉಳಿದಾಗ ಆ ಸ್ಥಾನ ಪಾಲ್ ಮೆಕಾರ್ಟ್ನಿಯ ಪಾಲಿಗೆ ಬಂತು. ತನಗದು ಬೇಕಿರಲಿಲ್ಲವೆಂದು ಆತ ಮುಂದೆ ಹೇಳಿಕೊಂಡದ್ದುಂಟು. ಬೇಡದೆ ಬಂದದ್ದನ್ನು ಆತ ತನ್ನದಾಗಿ ಮಾಡಿಕೊಂಡ ಬಗೆಯನ್ನು ಮುಂದಿನ ಹಾಡುಗಳೇ ಹೇಳುತ್ತವೆ.

ಇನ್ನು ದಿನನಿತ್ಯದ ಪಾಡು. ಲೋಕಲ್ ಟ್ರೈನಿನಲ್ಲಿ ಈ ಉದ್ದನೆಯ ಚೀಲವನ್ನು ಹೊತ್ತು ಡೊಂಬಿವಲಿಯಿಂದ ದಾದರಿಗೆ ಬರುವವನನ್ನು ನಾಲ್ಕು ಕಡೆಯಿಂದ ಜನ ಬೈಯುತ್ತಾರೆ. ಮನೆಗೆ ಬಂದ ಹಿರಿಯರು ವಾದ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, "ಉಳಿದೆರಡು ತಂತಿ ಯಾವಾಗ ಹಾಕಿಸ್ತೀಯಪ್ಪಾ?" ಎಂದು ಕನಿಕರದಿಂದ ಕೇಳುತ್ತಾರೆ. ಎರಡು ವಾರ ಬಿಟ್ಟು ಮತ್ತೆ ಹಿಡಿದರೆ ಬೆರಳ ತುದಿಯಲ್ಲಿ ಬೊಬ್ಬೆ. ಕಾರ್ಯಕ್ರಮಕ್ಕೆ ಹತ್ತು ನಿಮಿಷವಿರುವಾಗ ಗಾಯಕಿಗೆ ಗಂಟಲು ಕಟ್ಟಿತೆಂದು ಶ್ರುತಿ ಒಂದು ಮನೆ ಇಳಿಯುತ್ತದೆ. ಕೀಬೋರ್ಡಿನವನಿಗೆ ಅದು ಒಂದು ಗುಂಡಿಯ ಕೆಲಸ, ಬೇಸಿನವನಿಗೆ ಬಿಟ್ಟ ತಂತಿಗಳ ಮೇಲೆ ಕೂರಿಸಿಕೊಂಡ ಲೆಕ್ಕವೆಲ್ಲ ಬುಡಮೇಲು. ಸಭಾಂಗಣದಲ್ಲಿ ಹಿಂದಿನ ಸಾಲಿನವರು "ಮಾತು ಕೇಳಿಸ್ತಾ ಇಲ್ಲ" ಎಂದರೆ ಸೌಂಡಿನವನ ಕೈ ಮೊದಲು ಹೋಗುವುದು ಬೇಸನ್ನು ತಗ್ಗಿಸಲು. ವಿಚಿತ್ರವೆಂದರೆ, ಮನೆಯಲ್ಲಿ ಅಭ್ಯಾಸಕ್ಕೆ ಕುಳಿತಾಗ ಇಡೀ ಕಟ್ಟಡಕ್ಕೆ ಕೇಳಿಸುವುದು ಇದೊಂದೇ. ಮೇಲಿನ ಸ್ವರಗಳನ್ನು ಗೋಡೆಗಳು ಬಹುಮಟ್ಟಿಗೆ ತಡೆಯುತ್ತವೆ, ತಗ್ಗಿನ ಸ್ವರ ಗೋಡೆ ದಾಟಿಕೊಂಡು ಹೋಗುತ್ತದೆ. ಕೇಳಬೇಕಾದವರಿಗೆ ಕೇಳದೆ, ಬೇಡವಾದವರಿಗೆಲ್ಲ ಕೇಳುವ ವಾದ್ಯವೆಂದರೆ ಇದೇ ಇರಬೇಕು!

ಇಷ್ಟಾದರೂ ಅದು ಮಾಡುವ ಕೆಲಸವೇನು ಸಣ್ಣದಲ್ಲ. ಗಾಯಕ ಷಡ್ಜದಲ್ಲೇ ನಿಂತಿದ್ದಾನೆನ್ನಿ. ಕೆಳಗೆ ಬೇಸೂ ಷಡ್ಜದಲ್ಲಿದ್ದರೆ ಆ ಸ್ವರ ಮನೆ ಸೇರಿದಂತೆ ನಿಶ್ಚಿಂತೆಯಾಗಿರುತ್ತದೆ. ಬೇಸು ಅಲ್ಲಿಂದ ಕೆಳಗಿನ ಧೈವತಕ್ಕೆ ಇಳಿಯಿತೋ, ಗಾಯಕ ಏನನ್ನೂ ಬದಲಿಸದಿದ್ದರೂ ಅದೇ ಸ್ವರಕ್ಕೆ ವಿಷಾದದ ಛಾಯೆ ಬರುತ್ತದೆ. ಕೇಳುಗರು "ಆಹಾ, ಎಷ್ಟು ಭಾವಪೂರ್ಣವಾಗಿ ಹಾಡಿದರು" ಎನ್ನುತ್ತಾರೆ. ಆ ಮೆಚ್ಚುಗೆಯಲ್ಲಿ ತನ್ನ ಪಾಲೂ ಇದೆಯೆಂದು ಬಲ್ಲವನು ಬೇಸಿನವನೊಬ್ಬನೇ.

ಧ್ವನಿಶಾಸ್ತ್ರದಲ್ಲಿ ಇನ್ನೂ ಕುತೂಹಲಕರವಾದ ಸಂಗತಿಯೊಂದಿದೆ. ಮೊಬೈಲ್ ಫೋನಿನ ಸ್ಪೀಕರಿಗಾಗಲಿ, ಚಿಕ್ಕ ಟ್ರಾನ್ಸಿಸ್ಟರಿಗಾಗಲಿ ಸೆಕೆಂಡಿಗೆ 41 ಕಂಪನಗಳ ಸ್ವರವನ್ನು ಹೊರಡಿಸುವ ತ್ರಾಣವಿಲ್ಲ. ಆದರೂ ಹಾಡು ಕೇಳುವಾಗ ಆ ಸ್ವರ ಇದ್ದಂತೆಯೇ ನಮಗೆ ತೋರುತ್ತದೆ. ತಂತಿ ಮಿಡಿದಾಗ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಮೇಲುಮೇಲಿನ ಕಂಪನಗಳೂ ಏಳುತ್ತವೆ. ಇವುಗಳಲ್ಲಿ ಮೇಲಿನ ಕೆಲವು ಕಿವಿಗೆ ಬಿದ್ದರೂ ಸಾಕು, ಅವುಗಳ ನಡುವಣ ಅಂತರವನ್ನು ಹಿಡಿದು ನಮ್ಮ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಅಂದರೆ ಬುಡವೊಂದು ಇರಲೇಬೇಕೆಂದು ಮನಸ್ಸು ಕೇಳುತ್ತದೆ, ಕಾಣದಿದ್ದರೆ ಊಹಿಸಿಯಾದರೂ ಕೊಳ್ಳುತ್ತದೆ. ಆದರೆ ಅದನ್ನು ಗಮನಿಸುವುದಿಲ್ಲ.

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ನಮ್ಮ ಗೋಷ್ಠಿಯ ಬೇಸಿನವರು ಒಂದು ವರ್ಷ ರಾಜ್ಯೋತ್ಸವಕ್ಕೆ ತಿಂಗಳಿರುವಾಗ ಮೂರು ವಾರ ಅಭ್ಯಾಸಕ್ಕೆ ಬರಲಿಲ್ಲ. ಖಾಯಿಲೆಯಿಲ್ಲ, ಪಾಳಿಯ ತೊಂದರೆಯಿಲ್ಲ. ಹಿಂದಿನ ಕಾರ್ಯಕ್ರಮದ ವಂದನಾರ್ಪಣೆಯಲ್ಲಿ ಎಲ್ಲರ ಹೆಸರನ್ನೂ ಓದಿ ಇವರನ್ನು "ಮತ್ತು ಇತರರು" ಎಂಬಲ್ಲಿಗೆ ಸೇರಿಸಿದ್ದರು. ನಾಲ್ಕನೆಯ ವಾರ ಸ್ಟೇಷನ್ನಿನಲ್ಲಿ ಸಿಕ್ಕಿದಾಗ ನಮ್ಮ ಡ್ರಮ್ಮಿನವರು, "ಏನ್ ಸಾರ್, ಪತ್ತೇನೇ ಇಲ್ಲ?" ಎಂದು ಕೇಳಿದರು. "ನಾನು ಬಂದ್ರೂ ಬರದಿದ್ರೂ ಯಾರಿಗೆ ಗೊತ್ತಾಗತ್ತೆ ಬಿಡಿ. ಕೀಬೋರ್ಡಿನವರು ಎಡಗೈಯಲ್ಲಿ ನಡೆಸ್ತಾರಲ್ಲ" ಎಂಬ ಉತ್ತರ ಬಂತು. "ಕೇಳೋರಿಗೆ ಗೊತ್ತಾಗಲ್ಲ ಸಾರ್, ನನಗೆ ಗೊತ್ತಾಗತ್ತೆ. ನಿಮ್ಮ ಕೈ ನೋಡ್ಕೊಂಡೇ ನಾನು ಕಾಲು ಹಾಕೋದು. ಮೂರು ವಾರದಿಂದ ಕತ್ತಲಲ್ಲಿ ಮೆಟ್ಟಲು ಇಳಿದ ಹಾಗಾಗಿದೆ" ಎಂದರು ಇವರು.

ಈ ವಿಚಾರದಲ್ಲಿ ನಮ್ಮಲ್ಲೇ ಎರಡು ಪಕ್ಷಗಳಾದವು. ಹವ್ಯಾಸವೆಂದ ಮೇಲೆ ಬರುವುದೂ ಬಿಡುವುದೂ ಅವರ ಇಷ್ಟ, ಕೇಳಲು ನಾವು ಯಾರು ಎಂದರು ಕೆಲವರು. ಕಲಾಸೇವೆಗೆ ಇಳಿದವನು ಹೆಸರಿಗೆ ಹಾತೊರೆಯಬಾರದು, ಗೀತೆ ಹೇಳುವುದೂ ಅದನ್ನೇ ಎಂದರು ಮತ್ತೆ ಕೆಲವರು. ಎರಡು ಮಾತಿನಲ್ಲೂ ಅರ್ಧ ಸತ್ಯ ಮಾತ್ರ ಇದೆಯೆಂದು ನಮಗೆ ತೋರುತ್ತದೆ.

ಮೊದಲನೆಯದನ್ನು ನೋಡೋಣ. ಇಂಗ್ಲಿಷಿನ ಅಮೆಚೂರ್ ಎಂಬ ಮಾತು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಪ್ರೀತಿಸುವವನು ಎಂದೇ ಅದರ ಮೂಲಾರ್ಥ. ಪ್ರೀತಿಯಿಂದ ಹಿಡಿದದ್ದನ್ನು ಪ್ರೀತಿ ಹೋದಾಗ ಬಿಡಬಹುದು ಎಂಬ ವಾದ, ಒಬ್ಬನೇ ಕುಳಿತು ಅಂಚೆಚೀಟಿ ಕೂಡಿಸುವವನಿಗೆ ಸರಿಯಾಗಿ ಒಪ್ಪುತ್ತದೆ. ಕೂಡಿ ನುಡಿಸುವವನ ಸ್ಥಿತಿ ಬೇರೆ. ಅವನ ಸ್ವರದ ಮೇಲೆ ಇನ್ನೊಬ್ಬ ಕಾಲಿಟ್ಟಿದ್ದಾನೆ, ಆ ಕಾಲಿನ ಮೇಲೆ ಮತ್ತೊಬ್ಬ ಹಾಡುತ್ತಿದ್ದಾನೆ. ಹೀಗೆ ಒಬ್ಬರು ನಮ್ಮನ್ನು ನೆಚ್ಚಿ ನಿಂತಾಗ, ನಾವು ಯಾವ ಕಾಗದಕ್ಕೂ ಸಹಿ ಹಾಕದೆಯೇ, ಋಣವೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಹವ್ಯಾಸಿಗೆ ಸೇರುವ ಸ್ವಾತಂತ್ರ್ಯವಿದೆ, ಹೇಳಿ ಬಿಡುವ ಸ್ವಾತಂತ್ರ್ಯವೂ ಇದೆ. ಸೇರಿಯೂ ಇಲ್ಲದಂತಿರುವ ಸ್ವಾತಂತ್ರ್ಯವಿಲ್ಲ. ನೊಂದಿದ್ದರೆ ನೊಂದೆನೆಂದು ಎದುರಿಗೆ ಹೇಳಬಹುದಿತ್ತು. ತನ್ನನ್ನು ಕಡೆಗಣಿಸಿದ ಕಾರ್ಯದರ್ಶಿಯ ಮೇಲಿನ ಸಿಟ್ಟಿಗೆ, ತನ್ನನ್ನೇ ನಂಬಿದ್ದ ಡ್ರಮ್ಮಿನವನು ದಂಡ ತೆರಬೇಕಾಗಿ ಬಂದದ್ದು ನ್ಯಾಯವಲ್ಲ.

ಎರಡನೆಯ ಪಕ್ಷದ ಮಾತು ಇನ್ನೂ ಸೂಕ್ಷ್ಮವಾದದ್ದು. ಫಲವನ್ನು ಬಯಸದೆ ಮಾಡಬೇಕೆಂಬುದು ನಮ್ಮ ಹಿರಿಯರ ಮಾತು ನಿಜ. ಆದರೆ ಅದು ಒಬ್ಬನು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಇನ್ನೊಬ್ಬನ ದುಡಿಮೆಯಿಂದ ಲಾಭ ಪಡೆದವನು ಅವನಿಗೆ ನಿಷ್ಕಾಮವನ್ನು ಬೋಧಿಸತೊಡಗಿದರೆ ಅದು ಸಾಲಗಾರನು ಸಾಲ ಕೊಟ್ಟವನಿಗೆ ವೈರಾಗ್ಯ ಹೇಳಿದಂತೆ. ಅಮೆರಿಕದ ಡೆಟ್ರಾಯಿಟಿನ ಮೋಟೌನ್ ಕಂಪೆನಿಯ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್‌ಸನ್ ಎಂಬಾತ 1960ರ ದಶಕದುದ್ದಕ್ಕೂ ಬೇಸ್ ನುಡಿಸಿದ. ಬಲಗೈಯ ಒಂದೇ ಬೆರಳಿನಿಂದ ತಂತಿ ಮೀಟುತ್ತಿದ್ದ ಆತನ ನುಡಿಕಾರಿಕೆ ಎಷ್ಟೋ ಜನಪ್ರಿಯ ಹಾಡುಗಳ ಬೆನ್ನೆಲುಬಾಗಿತ್ತು. ಅಷ್ಟು ವರ್ಷವೂ ತಟ್ಟೆಗಳ ಮೇಲೆ ಹಾಡಿದವರ ಹೆಸರಿತ್ತು, ಆತನ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಹಾಡಿದ ಆಲ್ಬಮ್ಮೊಂದರ ಹೊದಿಕೆಯ ಮೇಲೆ ಮೋಟೌನ್ ಆತನ ಹೆಸರನ್ನು ಅಚ್ಚು ಮಾಡಿತು. 1983ರಲ್ಲಿ ಆತ ತೀರಿಕೊಂಡ. ರಾಕ್ ಸಂಗೀತದ ಗೌರವಪಟ್ಟಿಯಲ್ಲಿ ಹಿನ್ನೆಲೆ ವಾದಕರಿಗೆಂದು 2000ದಲ್ಲಿ ಜಾಗ ತೆರೆದಾಗ ಆತನನ್ನು ಸೇರಿಸಿದರು. ಸತ್ತು ಹದಿನೇಳು ವರ್ಷದ ಮೇಲೆ ಬಂದ ಗೌರವ ಸಲ್ಲಿಸಿದವರಿಗೆ ಸಮಾಧಾನ ಕೊಟ್ಟಿರಬಹುದು, ಸಲ್ಲಬೇಕಾದವನಿಗೆ ಮುಟ್ಟಲಿಲ್ಲ.

ಇಲ್ಲೊಂದು ವಿವೇಚನೆ ಬೇಕು. ಸಭಿಕರು ಬೇಸನ್ನು ಗಮನಿಸದಿದ್ದರೆ ಅದು ಅನ್ಯಾಯವಲ್ಲ. ಅವರು ಬಂದದ್ದು ಹಾಡು ಕೇಳಲು; ಹಾಡು ಚೆನ್ನಾಗಿತ್ತೆಂದು ತೃಪ್ತರಾಗಿ ಹೋದರೆ ಬೇಸಿನವನ ಕೆಲಸವೂ ಅದರಲ್ಲೇ ಸಾರ್ಥಕವಾಯಿತು. ಆದರೆ ಪಕ್ಕದಲ್ಲಿ ನಿಂತು ನುಡಿಸಿದವರು, ಕಾರ್ಯಕ್ರಮ ಏರ್ಪಡಿಸಿದವರು ಬಲ್ಲವರು. ಗೊತ್ತಿಲ್ಲದವರ ಮೌನ ಬೇರೆ, ಗೊತ್ತಿದ್ದವರ ಮೌನ ಬೇರೆ. ಒಂದು ಹೆಸರು ಓದಲು ಮೂರು ಸೆಕೆಂಡು ಸಾಕು.

ಆಮೇಲೆ ಏನಾಯಿತೆಂದು ಓದುಗರು ಕೇಳಬಹುದು. ಅವರು ಐದನೆಯ ವಾರ ಬಂದರು. ಕಾರ್ಯದರ್ಶಿಗಳು ಏನು ಹೇಳಿದರೋ ಎಂತೋ, ನಮಗೆ ಕೇಳಿಸಲಿಲ್ಲ. ಆ ಸಂಜೆ ಹಳೆಯ ಭಾವಗೀತೆಯೊಂದನ್ನು ಎತ್ತಿಕೊಂಡಾಗ ಬೇಸು ಮತ್ತು ಡ್ರಮ್ಮಿನ ಕಾಲೇಟು ಒಂದರ ಮೇಲೊಂದು ಕೂತು, ಎರಡೋ ಒಂದೋ ಎಂದು ಹೇಳಲಾಗದಂತಾಯಿತು. ಇಂಥದು ವರ್ಷಕ್ಕೆ ನಾಲ್ಕೈದು ಸಲ ಆಗುತ್ತದೆ. ಆಗ ಯಾರೂ ಹೆಚ್ಚು ಸ್ವರ ನುಡಿಸಲು ಹೋಗುವುದಿಲ್ಲ. ಕೈಗೆ ಬರುವುದನ್ನೆಲ್ಲ ತೋರಿಸುವ ಆಸೆ ತಾನಾಗಿ ಅಡಗುತ್ತದೆ. ಗಾಯಕಿ ಹಿಂದೆ ತಿರುಗಿ ನೋಡದೆಯೇ ನೆಮ್ಮದಿಯಿಂದ ಸ್ವರ ಬಿಡುತ್ತಾಳೆ. ಲೋಕಲ್ ಟ್ರೈನಿನ ಬೈಗುಳ, ಬೊಬ್ಬೆ ಎದ್ದ ಬೆರಳು, ಮೇಲಿನ ಮನೆಯವರ ದೂರು ಎಲ್ಲವನ್ನೂ ಸಹಿಸುವಂತೆ ಮಾಡುವುದು ಆ ನಾಲ್ಕು ನಿಮಿಷಗಳ ಸುಖ. ಅದು ಒಬ್ಬನಿಂದ ಆಗುವುದಲ್ಲ. ಪ್ರತಿಯೊಬ್ಬನೂ ಬಂದಿದ್ದರೆ ಮಾತ್ರ ಆಗುವಂಥದು.

ಊರು ಬಿಟ್ಟು ಬಂದ ನಮ್ಮ ಸಂಘಗಳೆಲ್ಲ ನಡೆಯುವುದೂ ಹೀಗೆಯೇ. ಜಮಖಾನೆ ಹಾಸುವವರು, ಲೆಕ್ಕದ ಪುಸ್ತಕ ಬರೆಯುವವರು, ಚಹದ ಲೋಟ ಎಣಿಸಿ ಹಿಂದಕ್ಕೆ ಕೊಡುವವರು ಇವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಬರುವುದಿಲ್ಲವೆಂದರೆ ಕೇಳುವ ಹಕ್ಕೂ ಯಾರಿಗಿಲ್ಲ. ಆದರೂ ಬರುತ್ತಾರೆ, ಏಕೆಂದರೆ ತಮ್ಮನ್ನು ನೆಚ್ಚಿದವರಿದ್ದಾರೆಂದು ಅವರಿಗೆ ಗೊತ್ತು. ಅವರ ಪಾಲಿನ ಹೊಣೆಯನ್ನು ಅವರು ಹೊತ್ತಿದ್ದಾರೆ. ಉಳಿದವರ ಪಾಲಿನದು, ಅಂದರೆ ಬಲ್ಲವರು ಬಲ್ಲೆವೆಂದು ಬಾಯಿಬಿಟ್ಟು ಹೇಳುವುದು, ಮುಂದಿನ ವಾರ್ಷಿಕೋತ್ಸವದ ವಂದನಾರ್ಪಣೆ ಬರೆಯಲು ಕೂರುವವರ ಕೈಯಲ್ಲಿದೆ. "ಮತ್ತು ಇತರರು" ಎಂದು ಬರೆಯುವ ಮುನ್ನ ಅವರು ಆ ಇತರರು ಯಾರೆಂದು ಒಮ್ಮೆ ಎಣಿಸಿ ನೋಡಲಿ.